ಅಣ್ಣನ ಕೈ ಮಾಲು

ಹಿಂದೂಪುರದ ಶರಣಬಸವನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ಬಿ.ಪಿ. ಇರಲಿಲ್ಲ, ಐವತ್ತರ ಹತ್ತಿರ ಬಂದರೂ ಮಂಡಿನೋವು ಕೂಡ ಇರಲಿಲ್ಲ. ಅವನಿಗಿದ್ದ ಕಾಯಿಲೆ ಒಂದೇ, ಅದರ ಹೆಸರು ತಿಪ್ಪೇಶ್. ಕಲ್ಯಾಣದುರ್ಗದ ತಿಪ್ಪೇಶ್ ಅವನ ಷಡ್ಡಕ, ಅಂದರೆ ಹೆಂಡತಿ ತನುಜಾಳ ತಂಗಿ ಮೌನಿಕಾಳ ಗಂಡ. ಷಡ್ಡಕರಿಬ್ಬರೂ ಮಾರುತ್ತಿದ್ದದ್ದು ಒಂದೇ ಮಾಲು. ಕೊಳವೆಬಾವಿಯ ಮೋಟರಿಗೆ ಹಾಕುವ ಸ್ಟಾರ್ಟರ್ ಪೆಟ್ಟಿಗೆ, ಎರಡು ತಲೆಯ ಹಕ್ಕಿಯ ಗುರುತಿರುವ ‘ಭೇರುಂಡ’ ಕಂಪನಿಯದು.

ಶರಣಬಸವನ ಅಂಗಡಿ ಅವರಪ್ಪನ ಕಾಲದ್ದು. ಹಿಂದೂಪುರದಲ್ಲಿ ಭೇರುಂಡದ ಏಜೆನ್ಸಿ ಇದ್ದದ್ದು ಅವನೊಬ್ಬನಿಗೇ. ಬಜಾರಿನಲ್ಲಿ ನಡೆದುಹೋದರೆ ಎಲ್ಲರೂ ‘ಸಾವ್ಕಾರ್ರೆ’ ಎಂದು ಕೈಯೆತ್ತುತ್ತಿದ್ದರು. ತಿಪ್ಪೇಶನಾದರೋ ನಾಲ್ಕೈದು ವರ್ಷದ ಹಿಂದೆ ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಳಿಗೆ ಬಾಡಿಗೆಗೆ ಹಿಡಿದವನು. ಈಗ ನೋಡಿದರೆ ಕಂಬದೂರು ಕಡೆಯ ರೈತರೆಲ್ಲ ಜೀಪು ತುಂಬಿಕೊಂಡು ಬಂದು ಅವನ ಬಾಗಿಲಲ್ಲಿ ಇಳಿಯುತ್ತಿದ್ದರು. ಮೋಟರ್ ಕೆಟ್ಟರೆ ಅವನೇ ಸ್ಕೂಟರ್ ಏರಿ ಹೊಲಕ್ಕೆ ಹೋಗಿ ನೋಡಿಬರುತ್ತಿದ್ದನಂತೆ. ಸಾವ್ಕಾರ ಆದವನು ಹೊಲಕ್ಕೆ ಹೋಗುತ್ತಾನೆಯೇ? ಹೋಗುವುದಿಲ್ಲ. ಹೋಗದೆ ಕೂತಿದ್ದ ಶರಣಬಸವನ ಅಂಗಡಿಯಲ್ಲಿ ಪೆಟ್ಟಿಗೆಗಳ ಮೇಲೆ ಧೂಳು ಕೂರುತ್ತಿತ್ತು.

ಹೊಟ್ಟೆಕಿಚ್ಚು ಅನ್ನುವುದು ಒಂದು ಸಲ ಬಂದು ಸುಮ್ಮನಿರುವುದಿಲ್ಲ ನೋಡಿ. ದಿನಕ್ಕೊಂದು ನೆವ ಹುಡುಕಿಕೊಂಡು ಬರುತ್ತದೆ. ಕಂಬದೂರಿನ ಪಕ್ಕದ ಹಳ್ಳಿಯಲ್ಲಿದ್ದ ಮಾವ ಕರಿಸಿದ್ದಪ್ಪನ ಮನೆಗೆ ಹೋದರೆ ಗೋಡೆಯ ಮೇಲೆ ಶರಣಬಸವನ ಮದುವೆ ಫೋಟೊ ಇತ್ತು, ಇಲ್ಲ ಅನ್ನುವಂತಿಲ್ಲ. ಆದರೆ ಅದರ ಪಕ್ಕದಲ್ಲೇ, ಅದಕ್ಕಿಂತ ದೊಡ್ಡ ಕಟ್ಟಿನಲ್ಲಿ, ತಿಪ್ಪೇಶ ಕಂಪನಿಯವರ ಕೈಯಿಂದ ಶೀಲ್ಡು ಇಸಿದುಕೊಳ್ಳುತ್ತಿರುವ ಫೋಟೊ ತೂಗುತ್ತಿತ್ತು. ಊಟಕ್ಕೆ ಕೂತರೆ ಅತ್ತೆಯ ಕೈಯಲ್ಲಿದ್ದ ತುಪ್ಪದ ಸೌಟು ತಿಪ್ಪೇಶನ ಎಲೆಯ ಮೇಲೆ ಒಂದು ಗಳಿಗೆ ಹೆಚ್ಚೇ ಬಗ್ಗಿರುತ್ತಿತ್ತು. ಶರಣಬಸವ ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಐವತ್ತರ ಗಂಡಸು, ತುಪ್ಪದ ಹನಿ ನೋಡಿ ಒಳಗೊಳಗೇ ಕುದಿಯುತ್ತಿದ್ದ. ಅವನ ತಲೆ ಬೋಳಾಗುತ್ತಿತ್ತು, ತಿಪ್ಪೇಶನ ಕೂದಲು ಕಪ್ಪಗೆ ದಟ್ಟವಾಗಿತ್ತು. ಅದಕ್ಕೂ ಉರಿ.

ಇದೆಲ್ಲಕ್ಕಿಂತ ಮೈ ಪರಚಿಕೊಳ್ಳುವಂತಾಗುತ್ತಿದ್ದದ್ದು ಬೇರೊಂದು ವಿಷಯಕ್ಕೆ. ತಾನೊಬ್ಬ ಎದುರಾಳಿ ಅನ್ನುವುದು ಆ ತಿಪ್ಪೇಶನಿಗೆ ಗೊತ್ತೇ ಇರಲಿಲ್ಲ. ಬಾಯಿ ತೆರೆದರೆ ಅಣ್ಣ. “ಅಣ್ಣ, ನೀವು ಮೊದ್ಲು ಕೂತ್ಕಳಿ.” “ಅಣ್ಣ, ನೀವು ಹೇಳ್ದಂಗೆ ಮಾಡ್ತೀನಿ.” ಶರಣಬಸವನಿಗೆ ಒಡಹುಟ್ಟಿದವರಿಲ್ಲ. ಲೋಕದಲ್ಲಿ ಅವನನ್ನು ಅಣ್ಣ ಅನ್ನುವವನು ಈ ತಿಪ್ಪೇಶ ಒಬ್ಬನೇ. ಅದೂ ಅಣಕ ಇರಬೇಕು ಎಂದು ಶರಣಬಸವ ಹಲ್ಲು ಕಡಿಯುತ್ತಿದ್ದ.

ತಿಪ್ಪೇಶ ಅಂಗಡಿ ತೆರೆದ ದಿನದ್ದೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ಅದರ ಹಿಂದಿನ ದಿನ ಮಾವ ಹಿಂದೂಪುರಕ್ಕೆ ಫೋನ್ ಮಾಡಿದ್ದರು.

“ಶರಣಪ್ಪಾ, ನೀನು ಹಿರೇ ಅಳಿಯ ಕಣಪ್ಪ. ಮೊದ್ಲು ಮಾಲು ನಿನ್ ಕೈಯಿಂದ್ಲೇ ಬರ್ಲಿ. ಒಂದು ಪೆಟ್ಗೆ ತಂದು ಅವ್ನ ಕೈಗಿಡು, ಸಾಕು.”

“ಆಗ್ಲಿ ಮಾವ, ತತ್ತೀನಿ. ನೀವು ಯಾವಾಗ ಬತ್ತೀರಿ?”

“ನಾನಾ? ನಾನು ನಿನ್ನೇನೇ ಬಂದ್ಬುಟ್ಟೆ. ಇಲ್ಲೇ ತಿಪ್ಪೇಶನ ಮನ್ಯಾಗೇ ಇವ್ನಿ.”

ಶರಣಬಸವ ಫೋನಿಟ್ಟವನು ಹಾಗೇ ಕೂತ. ತನ್ನ ಅಂಗಡಿಯನ್ನು ಹೊಸದಾಗಿ ಕಟ್ಟಿಸಿ ಪೂಜೆ ಮಾಡಿದ ದಿನ ಇದೇ ಮಾವ, ಮಂಡಿನೋವು ಕಣಪ್ಪ, ಬಸ್ ಹತ್ತಕ್ಕಾಗಾಕಿಲ್ಲ ಎಂದು ಬರಲೇ ಇಲ್ಲ. ಈಗ ಮಂಡಿ ಹೇಗೆ ಸರಿಹೋಯಿತು? ಎದ್ದು ಗೋಡೌನಿಗೆ ಹೋದ. ಮುಂದಿನ ಸಾಲಿನಲ್ಲಿ ಕಂಪನಿಯ ಮಾಲಿತ್ತು. ಹಿಂದೆ, ಹಳೇ ಪೈಪುಗಳ ಮರೆಯಲ್ಲಿ, ಇನ್ನೊಂದಷ್ಟು ಪೆಟ್ಟಿಗೆಗಳಿದ್ದವು. ಯಾವನೋ ವ್ಯಾನಿನಲ್ಲಿ ಬಂದು ಬಿಲ್ಲಿಲ್ಲದೆ ಅಗ್ಗಕ್ಕೆ ಕೊಟ್ಟುಹೋದ ಮಾಲು. ಅದೇ ಡಬ್ಬ, ಅದೇ ಎರಡು ತಲೆ ಹಕ್ಕಿ. ಒಂದನ್ನು ಮಾರಿದ್ದೇ ತಡ, ಕೊಂಡವನು ಸುಟ್ಟ ಮೋಟರ್ ಹೊತ್ತುಕೊಂಡು ಬಂದು ಅಂಗಡಿಯ ಮುಂದೆ ಕಿರುಚಾಡಿದ್ದ. ಅಂದಿನಿಂದ ಶರಣಬಸವ ಅದನ್ನು ಮುಟ್ಟಿರಲಿಲ್ಲ, ಎಸೆಯಲು ಮನಸ್ಸಾಗದೆ ಇಟ್ಟಿದ್ದ.

ಆ ಸಾಲಿನಿಂದ ಒಂದು ಪೆಟ್ಟಿಗೆ ಎಳೆದ. ಇದು ಕಲ್ಯಾಣದುರ್ಗದ ಯಾವನೋ ರೈತನ ಕೈ ಸೇರಲಿ, ಅವನ ಮೋಟರೂ ಸುಡಲಿ, ಮೊದಲ ಬೋಣಿಗೇ ತಿಪ್ಪೇಶನ ಹೆಸರು ಕೆಡಲಿ. ಅವನ ಮನಸ್ಸಿನಲ್ಲಿದ್ದದ್ದು ಇಷ್ಟೇ. ಮನಸ್ಸು ಇದನ್ನು ಯೋಚಿಸುತ್ತಿದ್ದರೆ ಕೈ ತನ್ನ ಪಾಡಿಗೆ ತನ್ನ ಕೆಲಸ ಮಾಡಿತು. ಅವರಪ್ಪ ಹಾಕಿಕೊಟ್ಟ ಪದ್ಧತಿ ಅದು. ಅಂಗಡಿ ಬಿಟ್ಟು ಹೊರಗೆ ಹೋಗುವ ಪ್ರತಿ ಪೆಟ್ಟಿಗೆಯ ಮೇಲೂ ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ಎಳೆದು, ಶಿವಾ ಎಂದು ಕಳಿಸಬೇಕು. ಶರಣಬಸವ ಎಳೆದ. ಶಿವಾ ಅಂದ. ಮರುದಿನ ಆ ಪೆಟ್ಟಿಗೆಯನ್ನು ತಿಪ್ಪೇಶನ ಎರಡು ಕೈಯಲ್ಲಿಟ್ಟ. ತಿಪ್ಪೇಶ ಅದನ್ನು ಕಣ್ಣಿಗೊತ್ತಿಕೊಂಡು, ಬಗ್ಗಿ ಅವನ ಕಾಲು ಮುಟ್ಟಿದ.

ಆಮೇಲೆ ಸುಟ್ಟ ಮೋಟರಿನ ಸುದ್ದಿಗಾಗಿ ಕೆಲವು ತಿಂಗಳು ಕಾದ. ಬರಲಿಲ್ಲ. ಬಂದದ್ದೆಲ್ಲ ತಿಪ್ಪೇಶನ ಏಳಿಗೆಯ ಸುದ್ದಿಯೇ. ಪೆಟ್ಟಿಗೆಯ ವಿಷಯ ಅವನಿಗೆ ಮರೆತೇಹೋಯಿತು. ಆ ಅಂಗಡಿಯ ಮೆಟ್ಟಿಲನ್ನೂ ಮತ್ತೆ ಅವನು ತುಳಿಯಲಿಲ್ಲ. ಕಲ್ಯಾಣದುರ್ಗಕ್ಕೆ ಹೋದರೂ ಏನೋ ನೆಪ ಹೇಳಿ ಅಂಗಡಿಯ ಮೇಲಿನ ಮಹಡಿಯ ಮನೆಗೆ ಹೋಗಿ ಊಟ ಮಾಡಿಕೊಂಡು ಬರುತ್ತಿದ್ದ. ಆ ಗಿರಾಕಿಗಳ ಗುಂಪನ್ನು ಕಣ್ಣಲ್ಲಿ ನೋಡುವ ಶಕ್ತಿ ಅವನಿಗಿರಲಿಲ್ಲ.

ಈ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಭೇರುಂಡ ಕಂಪನಿಯವರು ಹಿಂದೂಪುರದ ಲಾಡ್ಜಿನಲ್ಲಿ ಡೀಲರುಗಳ ಮೀಟಿಂಗ್ ಕರೆದರು. ಬಂದಿದ್ದವನು ನರೇಶ್ ಎಂಬ ಅಧಿಕಾರಿ. ನಕಲಿ ಮಾಲು ಹಿಡಿಸುವುದೇ ಅವನ ಕೆಲಸ. ಈ ಕಡೆಯ ತಾಲ್ಲೂಕುಗಳಲ್ಲಿ ಕಂಪನಿಯ ಹೆಸರಲ್ಲಿ ಡೂಪ್ಲಿಕೇಟ್ ಸ್ಟಾರ್ಟರುಗಳು ಓಡಾಡುತ್ತಿವೆ, ಡಬ್ಬ ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ, ಒಂದೇ ಗುರುತು, ಹೊಳೆಯುವ ಸ್ಟಿಕರನ್ನು ಓರೆ ಮಾಡಿದರೆ ಅಸಲಿಯಲ್ಲಿ ಹಕ್ಕಿಯ ಎರಡು ತಲೆಯೂ ಕಾಣುತ್ತವೆ, ನಕಲಿಯಲ್ಲಿ ಬರೀ ಹೊಳಪು ಎಂದು ತೋರಿಸಿದ. ಸುಳಿವು ಕೊಟ್ಟವರ ಹೆಸರು ಹೊರಗೆ ಬರುವುದಿಲ್ಲ ಎಂದೂ ಹೇಳಿದ.

ಶರಣಬಸವ ಮನೆಗೆ ಬಂದು ಊಟಕ್ಕೆ ಕೂತ. ತನುಜಾ ರೊಟ್ಟಿ ಹಾಕುತ್ತಾ ಹೇಳಿದಳು.

“ಕೇಳಿದ್ರಾ? ತಿಪ್ಪೇಶ ಕಾರು ಬುಕ್ ಮಾಡವ್ನಂತೆ. ಪೆನುಕೊಂಡದ್ ಫ್ಯಾಕ್ಟರೀಲಿ ಮಾಡ್ತಾರಲ್ಲ, ಅದೇ ಕಾರು. ಮೊದ್ಲು ಅಪ್ಪಯ್ಯನ್ನ ಶ್ರೀಶೈಲಕ್ಕೆ ಕರ್ಕೊಂಡು ಹೋಯ್ತಾನಂತೆ.”

ಮುರಿದ ರೊಟ್ಟಿಯನ್ನು ಅವನು ತಟ್ಟೆಗೇ ಹಾಕಿದ. ಮಾವನನ್ನು ಶ್ರೀಶೈಲಕ್ಕೆ ಕರೆದೊಯ್ಯುತ್ತೇನೆ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದವನು ಶರಣಬಸವ.

“ಎಲ್ಲಿಂದ ಬತ್ತೈತೆ ಇವ್ನಿಗೆ ಇಷ್ಟೊಂದು?” ಅಂದ.

“ದುಡೀತಾನೆ, ಬತ್ತೈತೆ. ನಿಮ್ಮಂಗೆ ಗಲ್ಲಾ ಮುಂದೆ ಕೂತು ಬೀದಿ ನೋಡ್ತಾನಾ?”

ತನುಜಾ ತಮಾಷೆಗೆ ಅಂದದ್ದು. ಶರಣಬಸವನಿಗೆ ಅದು ತಮಾಷೆಯಾಗಿ ಕೇಳಲಿಲ್ಲ. ಅಂದು ಅವನ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಒಬ್ಬ ಮನುಷ್ಯ ನ್ಯಾಯವಾಗಿ ಇಷ್ಟು ಮಾಲು ಮಾರಲು ಸಾಧ್ಯವೇ ಇಲ್ಲ. ಮಾರುತ್ತಿದ್ದಾನೆ ಅಂದರೆ ಡೂಪ್ಲಿಕೇಟೇ ಇರಬೇಕು. ಹೊಟ್ಟೆಕಿಚ್ಚಿಗೆ ಸಾಕ್ಷಿ ಬೇಕಿಲ್ಲ, ಅದೇ ಫಿರ್ಯಾದಿ, ಅದೇ ಜಡ್ಜು. ಬೆಳಿಗ್ಗೆ ನರೇಶನಿಗೆ ಫೋನ್ ಮಾಡಿ ದನಿ ತಗ್ಗಿಸಿ ಕಲ್ಯಾಣದುರ್ಗ ಅಂದ, ಬಸ್‌ಸ್ಟ್ಯಾಂಡ್ ಅಂದ, ತಿಪ್ಪೇಶ್ ಅಂದ.

“ಬೇಗ ಹಿಡೀತೀರಾ, ಇಲ್ಲ ವರ್ಷಗಟ್ಟಲೆ ಎಳೀತೀರಾ?” ಎಂದು ಕೇಳಿದ.

ನರೇಶ್ ತಿಳಿಸಿ ಹೇಳಿದ. “ಟ್ರೇಡ್ ಮಾರ್ಕ್ ಕೇಸ್ ಅಂತ ಹೋದ್ರೆ ತಡ ಆಗುತ್ತೆ ಸರ್. ಡಿ.ಎಸ್.ಪಿ. ದರ್ಜೆಯವರೇ ಬರಬೇಕು, ಅದಕ್ಕೂ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ತರಿಸ್ಬೇಕು. ಆದ್ರೆ ಡಬ್ಬದ ಮೇಲಿರೋ ಹಕ್ಕಿ ಚಿತ್ರಕ್ಕೆ ನಮ್ಮ ಕಾಪಿರೈಟ್ ಇದೆ. ಆ ಕಾನೂನಲ್ಲಾದ್ರೆ ಎಸ್.ಐ. ಸಾಕು, ವಾರಂಟೂ ಬೇಡ. ಸೋಮವಾರ ಹೋಗ್ತೀವಿ. ನೀವು ಮಾತ್ರ ಆ ಕಡೆ ಬರಬೇಡಿ.”

ಬರಬೇಡಿ ಅಂದರೆ ಕೇಳುವವನೇ? ಷಡ್ಡಕನ ಅಂಗಡಿಗೆ ಪೊಲೀಸರು ನುಗ್ಗುವುದನ್ನು ಕಣ್ಣಾರೆ ನೋಡದಿದ್ದರೆ ಇಷ್ಟು ವರ್ಷ ಹೊಟ್ಟೆ ಉರಿಸಿಕೊಂಡದ್ದಕ್ಕೆ ಏನು ಬಂತು? ಸೋಮವಾರ ಬೆಳಿಗ್ಗೆ ತನುಜಾಗೆ ಅನಂತಪುರ ಎಂದು ಹೇಳಿ ಬಸ್ ಹತ್ತಿದ. ಕಲ್ಯಾಣದುರ್ಗದಲ್ಲಿ ಇಳಿದು, ತಿಪ್ಪೇಶನ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ, ಬೋಂಡಾ ಬಾಣಲೆಯ ಹಿಂದಿನ ಬೆಂಚಿನಲ್ಲಿ ಟವೆಲು ತಲೆಗೆ ಸುತ್ತಿ ಕೂತ. ಟೀ ಹೀರುತ್ತ ಖುಷಿಯಿಂದ ಜೀಪಿನ ದಾರಿ ಕಾದ.

ಹನ್ನೊಂದರ ಹೊತ್ತಿಗೆ ಜೀಪು ಬಂತು. ಎಸ್.ಐ. ಓಬುಳೇಶ್ ಇಳಿದ, ಇಬ್ಬರು ಕಾನ್‌ಸ್ಟೇಬಲ್‌ಗಳು ಇಳಿದರು, ಹಿಂದಿನಿಂದ ನರೇಶ್ ಇಳಿದ. ಪಂಚರೆಂದು ಪಕ್ಕದ ಅಂಗಡಿಗಳ ಇಬ್ಬರನ್ನು ಕರೆದುಕೊಂಡರು. ಗಿರಾಕಿಗಳು ಒಬ್ಬೊಬ್ಬರಾಗಿ ಹೊರಗೆ ಬಂದು ರಸ್ತೆಯಲ್ಲಿ ನಿಂತರು. ಶರಣಬಸವನಿಗೆ ಎಷ್ಟು ಹಿತವಾಯಿತು ಅಂದರೆ ಇನ್ನೊಂದು ಟೀಗೆ ಹೇಳಿದ. ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನ್ ಕೂಗಿತು. ತಿಪ್ಪೇಶ.

ಎತ್ತದೆ ಇರೋಣ ಅಂದುಕೊಂಡ. ಫೋನ್ ನಿಲ್ಲಲಿಲ್ಲ, ಪಕ್ಕದವರು ತಿರುಗಿ ನೋಡಿದರು. ಎತ್ತಿದ.

“ಅಣ್ಣ, ಪೊಲೀಸ್ನೋರು ಬಂದವ್ರೆ. ಡೂಪ್ಲಿಕೇಟ್ ಮಾಲು ಮಡಗಿದ್ದೀಯ ಅಂತವ್ರೆ. ನಂಗೇನೂ ದಿಕ್ಕು ತೋಚ್ತಿಲ್ಲ. ನೀವು ದೊಡ್ ಡೀಲರು, ನೀವು ಬಂದು ಒಂದ್ಮಾತು ಹೇಳಿದ್ರೆ ಕೇಳ್ತಾರೆ. ಎಲ್ಲಿದ್ದೀರಿ ಅಣ್ಣ?”

“ಪೆನುಕೊಂಡದಾಗಿವ್ನಿ,” ಅಂದ ಶರಣಬಸವ, ಬಾಣಲೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ. “ಬತ್ತೀನಿ, ಧೈರ್ಯವಾಗಿರು.”

ಪೆನುಕೊಂಡದಿಂದ ಬರುವವನು ಐದು ನಿಮಿಷಕ್ಕೆ ಬರುವ ಹಾಗಿಲ್ಲ. ಹಾಗಾಗಿ ಅಲ್ಲೇ ಕೂತಿರಬೇಕಾಯಿತು. ಕೂತು ನೋಡಿದ. ಒಳಗೆ ಒಂದೊಂದೇ ಡಬ್ಬ ಬಿಚ್ಚುತ್ತಿದ್ದರು. ನರೇಶ್ ಒಂದೊಂದನ್ನೂ ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿ ಪಕ್ಕಕ್ಕಿಡುತ್ತಿದ್ದ. ಯಾರೂ ತಿಪ್ಪೇಶನ ಕೊರಳಪಟ್ಟಿ ಹಿಡಿಯಲಿಲ್ಲ. ಯಾರೂ ಕೂಗಾಡಲಿಲ್ಲ. ಹೊತ್ತು ಹೋದಂತೆ ಎಸ್.ಐ. ಕುರ್ಚಿಯಲ್ಲಿ ಕೂತ, ಮೌನಿಕಾ ಮಹಡಿಯಿಂದ ಮಜ್ಜಿಗೆ ತಂದು ಕೊಟ್ಟಳು, ಎಸ್.ಐ. ಕುಡಿದ. ಪೊಲೀಸರಿಗೆ ಮಜ್ಜಿಗೆ ಕುಡಿಸುತ್ತಿದ್ದಾರೆ ಎಂದು ಶರಣಬಸವನ ಬಾಯಿ ಕಹಿಯಾಯಿತು. ಇನ್ನು ತಡೆಯಲಾಗಲಿಲ್ಲ. ಟವೆಲು ಬಿಚ್ಚಿ ಹೆಗಲಿಗೆ ಹಾಕಿ, ಬಸ್‌ಸ್ಟ್ಯಾಂಡಿನ ಕಡೆಯಿಂದ ಸುತ್ತಿಕೊಂಡು, ಏದುಸಿರು ಬಿಡುವವನಂತೆ ಅಂಗಡಿಯ ಮೆಟ್ಟಿಲು ಹತ್ತಿದ.

“ಅಣ್ಣ ಬಂದ್ರು ಸಾರ್,” ಎಂದು ತಿಪ್ಪೇಶ ಎದ್ದು ನಿಂತ. ಅವನ ಮುಖದಲ್ಲಿ ಜೀವ ಬಂತು. “ನಮ್ಮಣ್ಣ. ಹಿಂದೂಪುರದ ಏಜೆಂಟ್ರು. ಇವ್ರನ್ನ ಕೇಳಿ ಸಾರ್ ಬೇಕಾದ್ರೆ.”

ನರೇಶ್ ಶರಣಬಸವನನ್ನು ನೋಡಿ ಹುಬ್ಬೇರಿಸಿದ. ಎಸ್.ಐ. ಗ್ಲಾಸು ಕೆಳಗಿಟ್ಟು, “ಅಂತಾ ಕರೆಕ್ಟೇ,” ಎಂದು ತೆಲುಗಲ್ಲಿ ಅಂದ. “ಎಲ್ಲ ಸರಿಯಾಗೈತೆ ಇಲ್ಲಿ. ಯಾವನೋ ಆಗದೋನು ಸುಳ್ಳು ಸುಳಿವು ಕೊಟ್ಟವ್ನೆ. ಪಂಚನಾಮೆ ಬರೆದು ಹೋಯ್ತೀವಿ.”

ಶರಣಬಸವನಿಗೆ ನೆಲ ಜರುಗಿದಂತಾಯಿತು. ಎಲ್ಲ ಸರಿಯಾಗಿದೆಯೇ? ನಾಳೆ ಇದೂ ಮಾವನ ಬಾಯಲ್ಲಿ ದೊಡ್ಡ ಕಥೆಯಾಗುತ್ತದೆ. ಪೊಲೀಸರೇ ಬಂದು ನಮ್ಮ ತಿಪ್ಪೇಶ ಅಪ್ಪಟ ಬಂಗಾರ ಎಂದು ಹೇಳಿಹೋದರು ಎಂದು ಊರೆಲ್ಲ ಸಾರುತ್ತಾರೆ. ಅವನು ಕಣ್ಣಲ್ಲೇ ಅಂಗಡಿಯನ್ನೆಲ್ಲ ಜಾಲಾಡಿದ. ಗಲ್ಲಾದ ಮೇಲ್ಗಡೆ, ಎತ್ತರದಲ್ಲಿ, ದೇವರ ಗೂಡಿತ್ತು. ಅದರಲ್ಲಿ ಶಿವಪಾರ್ವತಿಯರ ಪಟ. ಪಟದ ಹಿಂದೆ, ಸೇವಂತಿಗೆ ಹಾರದ ಮರೆಯಲ್ಲಿ, ಒಂದು ಡಬ್ಬದ ಮೂಲೆ ಕಂಡಿತು. ಎರಡು ತಲೆಯ ಹಕ್ಕಿಯ ಒಂದು ರೆಕ್ಕೆ.

ಬಚ್ಚಿಟ್ಟಿದ್ದಾನೆ. ದೇವರ ಹಿಂದೆ ಬಚ್ಚಿಟ್ಟಿದ್ದಾನೆ, ಕಳ್ಳ. ಶರಣಬಸವ ಒಂದು ಹೆಜ್ಜೆ ಮುಂದೆ ಬಂದ. ದನಿಯನ್ನು ಆದಷ್ಟು ಸಾಧಾರಣ ಮಾಡಿಕೊಂಡು ಹೇಳಿದ.

“ಎಲ್ಲ ನೋಡಿದ್ರಲ್ಲ ಸಾರ್, ಮ್ಯಾಗಡೆ ಒಂದು ಪೆಟ್ಗೆ ಐತಲ್ಲ, ಅದನ್ನೂ ನೋಡ್ಬುಡಿ. ಆಮ್ಯಾಕೆ ಯಾರೂ ಮಾತಾಡೋ ಹಂಗಿರ್ಬಾರ್ದು.”

“ಅದು ಮಾರೋ ಮಾಲಲ್ಲ ಸಾರ್,” ಎಂದು ತಿಪ್ಪೇಶ ಅವಸರದಿಂದ ಅಂದ. “ಅದು ಅಣ್ಣನ ಕೈ...” ಎಂದವನು ಶರಣಬಸವನತ್ತ ತಿರುಗಿ ನಾಚಿಕೊಂಡು ನಕ್ಕ. “ನೀವೇ ಹೇಳಿ ಅಣ್ಣ.”

ಶರಣಬಸವನಿಗೆ ಆ ನಗುವಿನ ಅರ್ಥ ಆಗಲಿಲ್ಲ. ಕಾನ್‌ಸ್ಟೇಬಲ್ ಸ್ಟೂಲ್ ಹತ್ತಿ ಹಾರ ಸರಿಸಿ ಡಬ್ಬ ಇಳಿಸಿ ಗಲ್ಲಾದ ಮೇಲಿಟ್ಟ. ಡಬ್ಬಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು, ಧೂಳಿನ ಕಣವೂ ಇರಲಿಲ್ಲ. ಮುಚ್ಚಳದ ಮೇಲೆ, ಯಾರೂ ಒರೆಸದೆ ಕಾಪಾಡಿದ್ದ ಮೂರು ಗೆರೆ ವಿಭೂತಿ ಇತ್ತು. ನಡುಬೆರಳಿನ ಗೆರೆ ಮಿಕ್ಕೆರಡಕ್ಕಿಂತ ಸ್ವಲ್ಪ ಉದ್ದ. ತನ್ನ ಬೆರಳು ತನಗೆ ಗೊತ್ತಾಗದಿದ್ದೀತೆ?

ಹಿಂದಿನ ಸಾಲು, ಹಳೇ ಪೈಪು, ವ್ಯಾನಿನವನು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಕೈ ಅಡ್ಡ ಹಿಡಿಯಬೇಕು ಅನ್ನಿಸಿತು, ಕೈ ಏಳಲಿಲ್ಲ.

ನರೇಶ್ ಸ್ಟಿಕರನ್ನು ಬೆಳಕಿಗೆ ಓರೆ ಮಾಡಿದ. ಮತ್ತೊಮ್ಮೆ ಮಾಡಿದ. ಬರೀ ಹೊಳಪು. ಒಂದು ತಲೆಯೂ ಕಾಣಲಿಲ್ಲ.

“ಡೂಪ್ಲಿಕೇಟ್,” ಅಂದ.

ಎಸ್.ಐ. ಕುರ್ಚಿಯಿಂದ ಎದ್ದ.

“ಎವರಿಚ್ಚಾರಯ್ಯಾ? ಯಾರು ಕೊಟ್ಟಿದ್ದು ಇದನ್ನ?”

ತಿಪ್ಪೇಶ ಡಬ್ಬ ನೋಡಿದ. ಆಮೇಲೆ ಶರಣಬಸವನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು, ಶರಣಬಸವನಿಗಾಗಿ ಆದ ಗಾಬರಿ. ಒಂದು ಹೆಸರು ಅವನ ಬಾಯಿಂದ ಬಿದ್ದರೆ ಅಪ್ಪನ ಕಾಲದ ಏಜೆನ್ಸಿ ಹೋಗುತ್ತದೆ, ಸಾವ್ಕಾರ ಅನ್ನುವ ಹೆಸರು ಹೋಗುತ್ತದೆ. ಶರಣಬಸವ ಆ ಬಾಯನ್ನೇ ನೋಡುತ್ತ ನಿಂತ.

“ಯಾರೋ ಬಂದಿದ್ರು ಸಾರ್,” ಅಂದ ತಿಪ್ಪೇಶ. “ಬಿಲ್ಲಿಲ್ದೆ ಕೊಟ್ರು, ತಗಂಡೆ. ನೆನಪಿಲ್ಲ.”

“ರೀ,” ಎಂದು ಮೆಟ್ಟಿಲ ಮೇಲೆ ನಿಂತಿದ್ದ ಮೌನಿಕಾ ಬಾಯಿ ತೆರೆದಳು.

“ನೀನು ಸುಮ್ಕಿರು,” ಅಂದ ತಿಪ್ಪೇಶ.

ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಬೆಳಿಗ್ಗೆಯಿಂದ ಶರಣಬಸವ ನೋಡಲು ಕಾದಿದ್ದ ನೋಟ ಅದೇ. ನೋಡಿದ. ಹಿತವಾಗಲಿಲ್ಲ.

ಹಿರಿಯವನೆಂದು ಅವನೂ ಸ್ಟೇಷನ್ನಿಗೆ ಹೋಗಬೇಕಾಯಿತು. ಹೇಳಿಕೆ ಬರೆಸಿಕೊಂಡು, ಕರೆದಾಗ ಬರಬೇಕೆಂದು ನೋಟಿಸ್ ಕೊಟ್ಟು, ಮಧ್ಯಾಹ್ನದ ಮೇಲೆ ತಿಪ್ಪೇಶನನ್ನು ಬಿಟ್ಟರು. ಸ್ಟೇಷನ್ನಿನ ಬೇವಿನ ಮರದ ಕೆಳಗೆ ಬಂದು ಅವನು ಮೆಲ್ಲಗೆ ಹೇಳಿದ.

“ನಿಮ್ಗೂ ಯಾವನೋ ಟೋಪಿ ಹಾಕವ್ನೆ ಅಣ್ಣ. ನೀವು ಗೊತ್ತಿಲ್ದೆ ಕೊಟ್ಟಿರ್ತೀರಿ. ನಿಮ್ ಹೆಸ್ರು ಹೇಳಿದ್ರೆ ಏಜೆನ್ಸಿ ಕಿತ್ಕಳ್ತಿದ್ರು. ನಂದಾದ್ರೆ ಸಣ್ಣಂಗಡಿ, ಹೆಂಗೋ ಆಯ್ತದೆ. ಕೋರ್ಟಲ್ಲಿ ನೋಡ್ಕಂತೀನಿ. ಆದ್ರೆ ಅಣ್ಣ, ಇನ್ನೊಂದು ಪೆಟ್ಗೆ ಕೊಡ್ಬೇಕು ನೀವು. ದಿನಾ ಬೆಳಿಗ್ಗೆ ಅದಕ್ಕೆ ಕೈ ಮುಗ್ದೇ ಬಾಗ್ಲು ತೆಗೀತಿದ್ದೆ. ಗೂಡು ಖಾಲಿ ಇಟ್ಕೊಂಡು ಹೆಂಗೆ ವ್ಯಾಪಾರ ಮಾಡ್ಲಿ?”

ಅಷ್ಟರಲ್ಲಿ ಶೇರ್ ಜೀಪಿನಿಂದ ಕರಿಸಿದ್ದಪ್ಪ ಇಳಿದರು. ಮೌನಿಕಾ ಫೋನಿನಲ್ಲಿ ಎಲ್ಲ ಹೇಳಿದ್ದಳು. ಆ ಮೊದಲ ಪೆಟ್ಟಿಗೆ ಯಾರು ಕೊಟ್ಟದ್ದು ಅನ್ನುವುದು ಅವರಿಗೆ ಯಾರೂ ಹೇಳಬೇಕಿರಲಿಲ್ಲ, ಕೊಡಿಸಿದವರೇ ಅವರು. ಮುದುಕ ನೇರವಾಗಿ ತಿಪ್ಪೇಶನ ಹತ್ತಿರ ಹೋಗಿ ಅವನ ದಟ್ಟ ಕೂದಲ ಮೇಲೆ ಕೈಯಿಟ್ಟರು.

“ಮನೆ ಮಾನ ಉಳಿಸ್ದೆ ಕಣಪ್ಪ,” ಅಂದರು. ಶರಣಬಸವನ ಕಡೆ ತಿರುಗಿ ನೋಡಲಿಲ್ಲ.

ತನುಜಾಳ ಫೋನೂ ಬಂತು. ಗಂಡ ಅನಂತಪುರ ಬಿಟ್ಟು ಅಲ್ಲಿಗೆ ಯಾಕೆ ಹೋದ ಎಂದು ಅವಳು ಕೇಳಲೇ ಇಲ್ಲ. “ಯಾರ ಹೆಸ್ರೂ ಹೇಳ್ಲಿಲ್ವಂತಲ್ರೀ ತಿಪ್ಪೇಶ. ಎಂಥ ಮನ್ಸು ನೋಡಿ ಅವ್ನದು,” ಅಂದಳು.

ಈಗ ಕೇಳಿ. ಇನ್ನೊಬ್ಬನಾಗಿದ್ದರೆ ಬದುಕಿದೆ ಎಂದು ಬಸ್ ಹತ್ತುತ್ತಿದ್ದ. ಏಜೆನ್ಸಿ ಉಳಿದಿತ್ತು, ಹೆಸರು ಉಳಿದಿತ್ತು, ಕೇಸು ಷಡ್ಡಕನ ಮೇಲಿತ್ತು. ಅವನು ಬಯಸಿದ್ದೆಲ್ಲ ಆಗಿತ್ತು. ಆದರೆ ಮಾವ ಆ ಕೂದಲ ಮೇಲಿಟ್ಟ ಕೈಯನ್ನು ಇನ್ನೂ ತೆಗೆದಿರಲಿಲ್ಲ. ಶರಣಬಸವ ಆ ಕೈಯನ್ನು ನೋಡುತ್ತಿದ್ದ ಹಾಗೇ ಒಳಗೆ ಧಗಧಗ ಹತ್ತಿಕೊಂಡಿತು. ತಪ್ಪು ಮಾಡಿದ್ದು ನಾನು. ಆ ತಪ್ಪಿನಿಂದಲೂ ದೊಡ್ಡವನಾಗುವುದು ಇವನೇ ಏನು? ಇವತ್ತಿನಿಂದ ಸಾಯುವವರೆಗೆ ಇವನು ಕೇಸು ಹೊತ್ತ ಪುಣ್ಯಾತ್ಮ, ನಾನೋ, ಅವನು ಉಳಿಸಿದ ಮಾಲು. ಪಶ್ಚಾತ್ತಾಪ ಅನ್ನಬೇಡಿ ಅದನ್ನು, ಅದಕ್ಕೆ ಇನ್ನೂ ಟೈಮಿತ್ತು. ಅಪ್ಪಟ ಹೊಟ್ಟೆಕಿಚ್ಚೇ ಶರಣಬಸವನನ್ನು ತಿರುಗಿಸಿ ಸ್ಟೇಷನ್ನಿನ ಒಳಗೆ ನೂಕಿತು.

“ಆ ಪೆಟ್ಗೆ ನಂದು ಸಾರ್,” ಅಂದ. “ಡೂಪ್ಲಿಕೇಟ್ ಅಂತ ಗೊತ್ತಿದ್ದೇ ಕೊಟ್ಟೆ. ಅಂಥವು ಇನ್ನೂ ನಮ್ ಗೋಡೌನಲ್ಲವೆ. ಸುಳಿವು ಕೊಟ್ಟೋನೂ ನಾನೇ.”

ಓಬುಳೇಶ್ ಅವನನ್ನು ಮೇಲಿಂದ ಕೆಳಗೆ ನೋಡಿದ. “ಎಂದುಕಯ್ಯಾ? ಯಾಕೆ ಇದೆಲ್ಲ?”

“ಹೊಟ್ಟೆಕಿಚ್ಚು ಸಾರ್.”

“ಅದಕ್ಕೆ ಸೆಕ್ಷನ್ ಇಲ್ಲ.”

“ಇರೋದನ್ನ ಹಾಕ್ಕಳಿ. ಅವ್ನ ಹೆಸ್ರು ತೆಗೀರಿ.”

“ತಮ್ಮನ ಮ್ಯಾಲೆ ಅಷ್ಟು ಪ್ರೀತೀನಾ?”

“ಪ್ರೀತಿ ಅಲ್ಲ ಸಾರ್. ಅವ್ನು ಒಳ್ಳೇನು ಅನ್ನಿಸ್ಕೊಂಡು ಓಡಾಡೋದನ್ನ ನನ್ ಕೈಲಿ ನೋಡಕ್ಕಾಗಾಕಿಲ್ಲ.”

ಎಸ್.ಐ. ನಗಲಿಲ್ಲ. ಬರೆಸಿಕೊಂಡ. ನರೇಶ್ ಕಂಪನಿಗೆ ಫೋನ್ ಮಾಡಿದ, ಏಜೆನ್ಸಿ ಆ ಗಳಿಗೆಯಿಂದಲೇ ರದ್ದಾಯಿತು. ಗೋಡೌನಿನಲ್ಲಿದ್ದ ಪೆಟ್ಟಿಗೆಗಳನ್ನು ವಶಕ್ಕೆ ತೆಗೆದುಕೊಳ್ಳಲು ಹಿಂದೂಪುರದ ಸ್ಟೇಷನ್ನಿಗೆ ಸುದ್ದಿ ಹೋಯಿತು. ಶರಣಬಸವನಿಗೆ ಅಚ್ಚರಿಯಾದದ್ದೆಂದರೆ ಅದಕ್ಕೆಲ್ಲ ಅಷ್ಟು ನೋವಾಗಲಿಲ್ಲ. ಮಾವನ ಕೈ ತಿಪ್ಪೇಶನ ತಲೆಯಿಂದ ಇಳಿದಿರುತ್ತದೆ ಅನ್ನುವುದೊಂದೇ ಸಮಾಧಾನ.

ಸ್ಟೇಷನ್ ಬೇಲ್ ಕೊಡಬೇಕಾದರೆ ಊರಿನ ಒಬ್ಬರು ಜಾಮೀನಿಗೆ ಸಹಿ ಹಾಕಬೇಕು ಅಂದರು. ಕಲ್ಯಾಣದುರ್ಗದಲ್ಲಿ ಅವನಿಗೆ ಯಾರು ಗೊತ್ತು? ಗೊತ್ತಿದ್ದದ್ದು ಒಂದೇ ಮನೆ. ಆ ಹೊತ್ತಿಗೆ ಮನೆ ಸೇರಿದ್ದ ತಿಪ್ಪೇಶನಿಗೆ ಎಸ್.ಐ. ತಾನೇ ಫೋನ್ ಮಾಡಿದ. ಪೂರ್ತಿ ಹೇಳಿದ, ಗೊತ್ತಿದ್ದು ಕೊಟ್ಟದ್ದನ್ನೂ ಹೇಳಿದ, ಸುಳಿವು ಕೊಟ್ಟದ್ದನ್ನೂ ಹೇಳಿದ. ಶರಣಬಸವ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡ. ಬರುವುದಿಲ್ಲ ಬಿಡು, ಅವನೂ ಮನುಷ್ಯನೇ ತಾನೆ ಅಂದುಕೊಂಡ. ಬಾರದಿದ್ದರೇ ಚೆನ್ನ ಅಂತಲೂ ಅನ್ನಿಸಿತು.

ತಿಪ್ಪೇಶ ಬಂದ. ಒಬ್ಬನೇ ಬಂದ. ಬೆಳಗಿನ ಅಂಗಿಯಲ್ಲೇ ಇದ್ದ, ಕಣ್ಣು ಕೆಂಪಾಗಿತ್ತು. ಬೆಂಚಿನ ಮುಂದೆ ಹಾದು ಮೇಜಿನ ಹತ್ತಿರ ಹೋದ. ಶರಣಬಸವ ಅರ್ಧ ಎದ್ದು ನಿಂತ. ಬೈಯುತ್ತಾನೆ, ಬೈಯಲಿ. ಇಲ್ಲವೆ ಮತ್ತೆ ಅದೇ ಒಳ್ಳೆಯ ಮಾತು ಆಡುತ್ತಾನೆ, ಅದನ್ನೂ ತಡೆದುಕೊಳ್ಳೋಣ ಎಂದು ಗಟ್ಟಿಯಾದ.

“ಎಲ್ಲಿ ಸೈನ್ ಮಾಡ್ಲಿ ಅಣ್ಣ?”

ಶರಣಬಸವ ತಟ್ಟನೆ ತಲೆಯೆತ್ತಿದ. ಆದರೆ ತಿಪ್ಪೇಶ ಕೇಳಿದ್ದು ಕಾಗದ ಹಿಡಿದು ನಿಂತಿದ್ದ ಕಾನ್‌ಸ್ಟೇಬಲನ್ನು. ಕಾನ್‌ಸ್ಟೇಬಲ್ ಬೆರಳಿಟ್ಟು ತೋರಿಸಿದ. ತಿಪ್ಪೇಶ ಸಹಿ ಹಾಕಿದ. “ತಗಳಿ ಅಣ್ಣ,” ಎಂದು ಪೆನ್ನು ಹಿಂದಕ್ಕೆ ಕೊಟ್ಟ. ಆಮೇಲೆ ಬಾಗಿಲ ಕಡೆ ಹೊರಟವನು ಬೆಂಚಿನ ಹತ್ತಿರ ಒಂದು ಗಳಿಗೆ ನಿಂತ. ನೆಲ ನೋಡುತ್ತ ಹೇಳಿದ.

“ಹಿಂದೂಪುರಕ್ಕೆ ಇನ್ನೊಂದು ಬಸ್ಸೈತೆ. ಹೋಗ್ಬನ್ನಿ ಸಾವ್ಕಾರ್ರೆ.”

ಅವನು ಮೆಟ್ಟಿಲಿಳಿದು ಹೋದ. ಕಾನ್‌ಸ್ಟೇಬಲ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಕಾಗದ ಮಡಚುತ್ತಿದ್ದ. ಗುಂಡು ಮುಖದ, ಎಲೆಯಡಿಕೆ ಜಗಿಯುತ್ತಿದ್ದ ಯಾವನೋ ಒಬ್ಬ, ಎರಡು ಸಲ ಅಣ್ಣ ಅನ್ನಿಸಿಕೊಂಡದ್ದು ಅವನಿಗೆ ಗೊತ್ತೂ ಆಗಿರಲಿಲ್ಲ. ಶರಣಬಸವ ಅವನ ಮುಖವನ್ನೇ ನೋಡುತ್ತ ನಿಂತ. ಹೊಟ್ಟೆಯೊಳಗೆ ಹಳೆಯ ಉರಿ ಮೆಲ್ಲಗೆ ಹತ್ತಿಕೊಂಡಿತು.